ಎರಡು ಕಾನೂನುಗಳ ಕೂಸು

ನಮ್ಮ ಸಂಘದಲ್ಲಿ ಬಿಯರ್ ಎಂದರೆ ಮೂಗು ಮುರಿಯುವವರೂ ಇದ್ದಾರೆ, ಬೇಸ್‌ಮೆಂಟಿನಲ್ಲಿ ತಾವೇ ತಯಾರಿಸುವ ಉತ್ಸಾಹಿಗಳೂ ಇದ್ದಾರೆ. ಇಬ್ಬರಿಗೂ ಹಿಡಿಸಬಹುದಾದ ಚರಿತ್ರೆಯೊಂದು ಇಲ್ಲಿದೆ. ಬೆಲ್ಜಿಯಂ ಮಾದರಿಯ, ಹೊಂಬಣ್ಣದ, ಹಾಪ್ಸ್ ಹೂವಿನ ಕಹಿಯುಳ್ಳ ಸ್ಟ್ರಾಂಗ್ ಏಲ್ ಇವತ್ತಿನ ರೂಪಕ್ಕೆ ಬಂದುದರ ಹಿಂದೆ ಎರಡು ಕಾನೂನುಗಳಿವೆ. ಒಂದು ಕುಡಿತಕ್ಕೆ ಕಡಿವಾಣ ಹಾಕಲು ಹೊರಟದ್ದು, ಇನ್ನೊಂದು ಕಟ್ಟು ಸಡಿಲಿಸಿದ್ದು.

ಮೊದಲನೆಯದು ಬೆಲ್ಜಿಯಂನಲ್ಲಿ 1919ರಲ್ಲಿ ಬಂತು. ಭಟ್ಟಿ ಇಳಿಸಿದ ಮದ್ಯ ಕಾರ್ಮಿಕರ ಸಂಸಾರಗಳನ್ನು ಹಾಳುಮಾಡುತ್ತಿದೆ ಎಂದು ಸಮಾಜವಾದಿ ಮಂತ್ರಿ ಎಮಿಲ್ ವಾಂಡರ್‌ವೆಲ್ಡ್ ಅದನ್ನು ತಂದರು. ಕೆಫೆಗಳಲ್ಲಿ ಅಂಥ ಮದ್ಯ ಕೊಡುವಂತಿಲ್ಲ. ಅಂಗಡಿಯಲ್ಲಿ ಕೊಂಡರೆ ಕನಿಷ್ಠ 2 ಲೀಟರ್ ಕೊಳ್ಳಬೇಕು. ಬಡವನ ಕೈಗೆ ಎಟುಕಬಾರದೆಂಬುದು ಲೆಕ್ಕಾಚಾರ. ಆದರೆ ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವವರು ಎಲ್ಲಿಲ್ಲ? ಬಿಯರಿಗೆ ಅಡ್ಡಿ ಇರಲಿಲ್ಲ. ಸ್ಟ್ರಾಂಗ್ ಬಿಯರ್ ಅಲ್ಲಿ ಬೇರೂರಲು ಇದೂ ಒಂದು ಕಾರಣವಾಯಿತು. ಮೂರ್ತ್‌ಗಾಟ್ ಮನೆತನದವರು ಸ್ಕಾಟ್‌ಲೆಂಡಿನ ಯೀಸ್ಟ್ ತಂದು ಮಾಡಿದ ಏಲ್‌ಗೆ 1923ರಲ್ಲಿ 'ಡುವೆಲ್', ಅಂದರೆ ಸೈತಾನ, ಎಂಬ ಹೆಸರು ಬಂತು. ಕಾನೂನು 1983ರಲ್ಲಿ ರದ್ದಾಯಿತು, ಡುವೆಲ್ ಉಳಿಯಿತು.

ಎರಡನೆಯದು ಅಮೆರಿಕದ್ದು. 1933ರಲ್ಲಿ ಪಾನನಿಷೇಧ ಮುಗಿದ ಮೇಲೂ ಮನೆಯಲ್ಲಿ ಬಿಯರ್ ಮಾಡಲು ಅನುಮತಿ ಇರಲಿಲ್ಲ. 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾನೂನು, ವಯಸ್ಕರೊಬ್ಬರಿಗೆ ವರ್ಷಕ್ಕೆ 100 ಗ್ಯಾಲನ್, ಮನೆಗೆ ಹೆಚ್ಚೆಂದರೆ 200 ಗ್ಯಾಲನ್‌ವರೆಗೆ ತೆರಿಗೆಯಿಲ್ಲದೆ ಬಿಟ್ಟುಕೊಟ್ಟಿತು. ಹವ್ಯಾಸಿಗಳಲ್ಲಿ ಹಲವರು ಮುಂದೆ ಸಣ್ಣ ಬ್ರೂವರಿಗಳನ್ನು ತೆರೆದು, ಹಾಪ್ಸ್ ಘಮಘಮಿಸುವ ಬಿಯರನ್ನು ಜನಪ್ರಿಯಗೊಳಿಸಿದರು. ಆ ಅಲೆ ಬೆಲ್ಜಿಯಂಗೂ ತಲುಪಿತು. ಭಾವ-ಮೈದುನರಿಬ್ಬರು 1982ರಲ್ಲಿ ಸಣ್ಣದಾಗಿ ಆರಂಭಿಸಿದ ಅಶೂಫ್ ಬ್ರೂವರಿ, 2006ರಲ್ಲಿ ಅಮೆರಿಕದ ಹಾಪ್ಸ್ ಬಳಸಿ ಶೇ. 9ರ 'ಉಬ್ಲೋನ್ ಶೂಫ್' ಹೊರತಂದಿತು.

ಧಾನ್ಯದಿಂದಲೇ ಇದನ್ನು ಮಾಡುವ ಕ್ರಮ ರಾಗಿ ಮಾಲ್ಟ್ ಬಲ್ಲ ನಮಗೆ ಪೂರಾ ಅಪರಿಚಿತವಲ್ಲ. ಮೊಳಕೆ ಕಟ್ಟಿಸಿ ಒಣಗಿಸಿದ ಬಾರ್ಲಿಯ ನುಚ್ಚನ್ನು ಸುಮಾರು 65 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಂದು ಗಂಟೆ ನೆನೆಸಬೇಕು. ನಮ್ಮ ಜೊಲ್ಲಿನಲ್ಲಿರುವಂಥ ಅಮೈಲೇಸ್ ಕಿಣ್ವವೇ ಪಿಷ್ಟವನ್ನು ಸಕ್ಕರೆಯಾಗಿಸುತ್ತದೆ. ಸೋಸಿದ ರಸಕ್ಕೆ ಹಾಪ್ಸ್ ಹಾಕಿ ಕುದಿಸಿದರೆ ಕಹಿ. ಕೊನೆಯಲ್ಲಿ ಹಾಕಿದರೆ ಪರಿಮಳ. ಜೊತೆಗೆ ಸ್ವಲ್ಪ ಬಿಳಿ ಸಕ್ಕರೆ. ಯೀಸ್ಟ್ ಅದನ್ನು ಪೂರ್ತಿ ತಿಂದುಬಿಡುವುದರಿಂದ ಆಲ್ಕೊಹಾಲ್ ಏರುತ್ತದೆ, ಬಾಯಿಗೆ ಮಾತ್ರ ಹಗುರವೆನಿಸುತ್ತದೆ.

ವೈದ್ಯನಾಗಿ ನನ್ನ ಮಾತಿರುವುದು ಇಲ್ಲೇ. ಶೇ. 9ರ 330 ಮಿ.ಲೀ. ಬಾಟಲಿಯಲ್ಲಿ ಸುಮಾರು 23 ಗ್ರಾಂ ಆಲ್ಕೊಹಾಲ್ ಇರುತ್ತದೆ. ಅಮೆರಿಕದಲ್ಲಿ ಒಂದು 'ಡ್ರಿಂಕ್' ಎಂದರೆ 14 ಗ್ರಾಂ. "ಒಂದೇ ಬಿಯರ್ ಕುಡಿದೆ" ಎನ್ನುವ ಅತಿಥಿ ಒಂದೂವರೆಗಿಂತ ಹೆಚ್ಚು ಕುಡಿದಿರುತ್ತಾನೆ. ಆಮೇಲೆ ಕಾರಿನ ಕೀಲಿಗೆ ಕೈಹಾಕುತ್ತಾನೆ. ಅಂಗಡಿಯ ಬಾಟಲಿಯಲ್ಲಿ ಶೇಕಡಾವಾರು ಅಚ್ಚಾಗಿರಬಹುದು, ಮನೆಯ ಬಾಟಲಿಯಲ್ಲಿ ಯಾರು ಬರೆಯಬೇಕು? ಮಾಡಿದವರೇ. ಹೈಡ್ರೋಮೀಟರಿನಿಂದ ಅಳೆದು, ಚೀಟಿ ಅಂಟಿಸಿ, ಬಡಿಸುವ ಮೊದಲೇ ಹೇಳಿಬಿಡಿ. ವಾಂಡರ್‌ವೆಲ್ಡ್ ತಂದ ಕಾನೂನು ಹೋಯಿತು. ಅವರನ್ನು ಕಾಡಿದ ಚಿಂತೆ ಇನ್ನೂ ಹಾಗೆಯೇ ಇದೆ.