ಸ್ಟಾಕ್ ವರ್ಗದ ಡ್ರ್ಯಾಗ್ ರೇಸಿಂಗ್‌ನಲ್ಲಿ ಮಸಲ್ ಕಾರಿನ ಆಯ್ಕೆ

ಸ್ಟಾಕ್ ವರ್ಗದ ಡ್ರ್ಯಾಗ್ ರೇಸಿಂಗ್ ಎಂಬುದು ಕಾರ್ಖಾನೆಯಿಂದ ಸಾರ್ವಜನಿಕ ಮಾರಾಟಕ್ಕೆ ಬಂದ ಕಾರುಗಳನ್ನು ತೂಕ ಹಾಗೂ ಅಶ್ವಶಕ್ತಿಗೆ ಅನುಗುಣವಾಗಿ ವಿಂಗಡಿಸಿ, ನೇರವಾದ ಪಥದಲ್ಲಿ ಎರಡೆರಡಾಗಿ ಓಡಿಸುವ ಅಮೆರಿಕದ ಮೋಟಾರು ಕ್ರೀಡೆ. ಪಥದ ಸಾಂಪ್ರದಾಯಿಕ ಉದ್ದ ಕಾಲು ಮೈಲಿ, ಅಂದರೆ 1,320 ಅಡಿ (ಸುಮಾರು 402 ಮೀಟರ್). 1960ರ ದಶಕದ ಮಧ್ಯಭಾಗದಿಂದ 1970ರ ದಶಕದ ಆರಂಭದವರೆಗೆ ತಯಾರಾದ, ಪ್ರಬಲ ವಿ-8 ಎಂಜಿನ್ ಹೊಂದಿದ ಮಸಲ್ ಕಾರುಗಳು ಇಂದಿಗೂ ಈ ಸ್ಪರ್ಧೆಯಲ್ಲಿ ಭಾಗವಹಿಸುತ್ತವೆ. ಇಲ್ಲಿ ಅತ್ಯಂತ ಶಕ್ತಿಶಾಲಿಯಾದ ಕಾರೇ ಅತ್ಯುತ್ತಮ ಆಯ್ಕೆಯಾಗಬೇಕೆಂದಿಲ್ಲ. ದಾಖಲೆಯಲ್ಲಿ ನಮೂದಾದುದಕ್ಕಿಂತ ಹೆಚ್ಚಿನ ಶಕ್ತಿಯನ್ನು ವಾಸ್ತವವಾಗಿ ನೀಡಬಲ್ಲ ಕಾರಿಗೆ ಅನುಕೂಲ ಹೆಚ್ಚು.

ವರ್ಗ ನಿರ್ಣಯ

ಈ ಕ್ರೀಡೆಯ ಪ್ರಮುಖ ನಿಯಂತ್ರಣ ಸಂಸ್ಥೆಯಾದ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ (ಎನ್‌ಎಚ್‌ಆರ್‌ಎ) ಅನ್ನು ವಾಲಿ ಪಾರ್ಕ್ಸ್ 1951ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಸ್ಥಾಪಿಸಿದರು. ಸ್ಪರ್ಧೆಗೆ ಅರ್ಹವಾದ ಪ್ರತಿಯೊಂದು ಮಾದರಿಯ ತೂಕ ಮತ್ತು ಅಶ್ವಶಕ್ತಿಯನ್ನು ಸಂಸ್ಥೆಯ ವರ್ಗೀಕರಣ ಕೈಪಿಡಿ ನಮೂದಿಸುತ್ತದೆ. ತೂಕವನ್ನು ಅಶ್ವಶಕ್ತಿಯಿಂದ ಭಾಗಿಸಿದಾಗ ದೊರೆಯುವ ಸಂಖ್ಯೆಯೇ ಕಾರಿನ ವರ್ಗವನ್ನು ನಿರ್ಧರಿಸುತ್ತದೆ. ಉದಾಹರಣೆಗೆ, 3,350 ಪೌಂಡು ತೂಕದ ಕಾರಿಗೆ 335 ಅಶ್ವಶಕ್ತಿ ನಮೂದಾಗಿದ್ದರೆ ಒಂದು ಅಶ್ವಶಕ್ತಿಗೆ 10 ಪೌಂಡು ತೂಕವೆಂದಾಗುತ್ತದೆ. ಮ್ಯಾನ್ಯುಯಲ್ ಗೇರಿನ ಕಾರುಗಳಿಗೂ ಆಟೋಮ್ಯಾಟಿಕ್ ಗೇರಿನ ಕಾರುಗಳಿಗೂ ಪ್ರತ್ಯೇಕ ವರ್ಗಗಳಿವೆ. ಸೂಪರ್ ಸ್ಟಾಕ್ ಎಂಬ ಮೇಲಿನ ವಿಭಾಗದಲ್ಲಿ ಎಂಜಿನ್ನಿಗೆ ಹೆಚ್ಚಿನ ಮಾರ್ಪಾಡು ಮಾಡಲು ಅವಕಾಶವಿದೆ.

ಓಟದ ಕ್ರಮ

ಪ್ರತಿ ವರ್ಗಕ್ಕೂ ಒಂದು ಸೂಚ್ಯಂಕ ಸಮಯವಿದ್ದು, ಅದಕ್ಕಿಂತ ಎಷ್ಟು ಕಡಿಮೆ ಅವಧಿಯಲ್ಲಿ ಕಾರು ಓಡಿತು ಎಂಬುದರ ಮೇಲೆ ಅರ್ಹತಾ ಸುತ್ತಿನ ಸ್ಥಾನ ನಿಗದಿಯಾಗುತ್ತದೆ. ಮುಂದಿನ ಸುತ್ತುಗಳಲ್ಲಿ ಚಾಲಕನು ತನ್ನ ಕಾರು ತೆಗೆದುಕೊಳ್ಳುವ ಸಮಯವನ್ನು ಮೊದಲೇ ಘೋಷಿಸಬೇಕು. ಇದಕ್ಕೆ ಡಯಲ್-ಇನ್ ಎಂದು ಹೆಸರು. ಬೇರೆ ಬೇರೆ ವರ್ಗದ ಎರಡು ಕಾರುಗಳು ಎದುರಾದಾಗ, ಇಬ್ಬರ ಘೋಷಿತ ಸಮಯಗಳ ಅಂತರದಷ್ಟು ಮೊದಲು ನಿಧಾನ ಕಾರಿಗೆ ಹಸಿರು ದೀಪ ದೊರೆಯುತ್ತದೆ. ಘೋಷಿಸಿದ ಸಮಯಕ್ಕಿಂತ ಬೇಗನೆ ಗುರಿ ಮುಟ್ಟುವುದನ್ನು ಬ್ರೇಕೌಟ್ ಎನ್ನುತ್ತಾರೆ. ಒಬ್ಬ ಚಾಲಕನು ಮಾತ್ರ ಹಾಗೆ ಮಾಡಿದಲ್ಲಿ ಅವನು ಸೋಲುತ್ತಾನೆ.

ಒಂದೇ ವರ್ಗದ ಎರಡು ಕಾರುಗಳು ಎದುರಾದರೆ ಈ ಕ್ರಮ ಅನ್ವಯಿಸುವುದಿಲ್ಲ. ಆಗ ಎರಡೂ ಒಟ್ಟಿಗೆ ಹೊರಡುತ್ತವೆ, ಬ್ರೇಕೌಟ್ ನಿಯಮವೂ ಇರುವುದಿಲ್ಲ. ಹೆಡ್ಸ್-ಅಪ್ ಎಂಬ ಈ ಓಟದಲ್ಲಿ ಕಾರಿನ ನಿಜವಾದ ವೇಗವೇ ನಿರ್ಣಾಯಕ. ಕಾರಿನ ಆಯ್ಕೆಯಲ್ಲಿ ಆದ ತಪ್ಪು ಸ್ಪಷ್ಟವಾಗುವುದು ಸಾಮಾನ್ಯವಾಗಿ ಇಂತಹ ಸಂದರ್ಭದಲ್ಲಿಯೇ.

ನಮೂದಿತ ಮತ್ತು ವಾಸ್ತವ ಶಕ್ತಿ

1960ರ ದಶಕದಲ್ಲಿ ತಯಾರಕರು ಕೆಲವು ಎಂಜಿನ್‌ಗಳ ಶಕ್ತಿಯನ್ನು ಕಡಿಮೆಯಾಗಿ ಪ್ರಕಟಿಸುತ್ತಿದ್ದರು. ವಿಮಾ ಕಂತಿನ ಹೊರೆಯನ್ನು ತಗ್ಗಿಸುವುದು ಮತ್ತು ರೇಸಿಂಗ್ ವರ್ಗದಲ್ಲಿ ಅನುಕೂಲ ಪಡೆಯುವುದು ಇದಕ್ಕೆ ಕಾರಣಗಳಾಗಿದ್ದವು. 1968ರ ಫೋರ್ಡ್ ಮಸ್ಟಾಂಗ್ 428 ಕೋಬ್ರಾ ಜೆಟ್ ಇದಕ್ಕೆ ಪ್ರಸಿದ್ಧ ನಿದರ್ಶನ. 428 ಘನ ಅಂಗುಲದ ಈ ಎಂಜಿನ್ನಿಗೆ ಫೋರ್ಡ್ 335 ಅಶ್ವಶಕ್ತಿಯನ್ನಷ್ಟೇ ನಮೂದಿಸಿತ್ತು. ಅದೇ ವರ್ಷ ಪೊಮೋನಾದಲ್ಲಿ ನಡೆದ ವಿಂಟರ್‌ನ್ಯಾಷನಲ್ಸ್ ಸ್ಪರ್ಧೆಯ ಸೂಪರ್ ಸ್ಟಾಕ್ ವಿಭಾಗದಲ್ಲಿ ಆಲ್ ಜೋನಿಕ್ ಈ ಕಾರಿನಲ್ಲಿ ಜಯ ಗಳಿಸಿದರು. 302 ಘನ ಅಂಗುಲದ ಷೆವ್ರೊಲೆ ಕಮಾರೊ ಜ಼ಡ್/28 ಕಾರಿಗೂ ಹೀಗೆಯೇ 290 ಅಶ್ವಶಕ್ತಿ ಮಾತ್ರ ನಮೂದಾಗಿತ್ತು.

ಆದರೆ ಇಂತಹ ಅನುಕೂಲ ಶಾಶ್ವತವಲ್ಲ. ಒಂದು ಮಾದರಿಯ ಕಾರುಗಳು ಸೂಚ್ಯಂಕಕ್ಕಿಂತ ತೀರ ಬೇಗನೆ ಓಡತೊಡಗಿದರೆ ಎನ್‌ಎಚ್‌ಆರ್‌ಎ ಅವುಗಳ ಅಶ್ವಶಕ್ತಿಯ ಅಂಕಿಯನ್ನು ಏರಿಸುತ್ತದೆ. ಆಗ ಕಾರು ಹೆಚ್ಚು ತೂಕ ಹೊರಬೇಕಾಗುತ್ತದೆ ಅಥವಾ ವೇಗದ ವರ್ಗಕ್ಕೆ ಸರಿಯಬೇಕಾಗುತ್ತದೆ. ಆದ್ದರಿಂದ ತಯಾರಕರ ಹಳೆಯ ಪ್ರಕಟಣೆಗಿಂತ ಕೈಪಿಡಿಯ ಪ್ರಸ್ತುತ ಅಂಕಿಯನ್ನು ನೋಡಿ ಆಯ್ಕೆ ಮಾಡುವುದು ಅಗತ್ಯ. ಎಂಜಿನ್ ಒಂದನ್ನೇ ಪರೀಕ್ಷಿಸಿ ಪಡೆದ ಒಟ್ಟು ಶಕ್ತಿಯ ಬದಲಿಗೆ, ಎಲ್ಲ ಸಲಕರಣೆಗಳೊಂದಿಗೆ ಅಳೆದ ನಿವ್ವಳ ಶಕ್ತಿಯನ್ನು 1972ರ ಮಾದರಿಗಳಿಂದ ಪ್ರಕಟಿಸಲಾಯಿತು. ಹೀಗಾಗಿ ಈ ಎರಡು ಕಾಲದ ಅಂಕಿಗಳನ್ನು ನೇರವಾಗಿ ಹೋಲಿಸಲಾಗದು.

ಇತರ ಅಂಶಗಳು

ಸ್ಟಾಕ್ ವರ್ಗದಲ್ಲಿ ಹಿಂಬದಿಯ ಟೈರಿನ ಅಗಲ 9 ಅಂಗುಲಕ್ಕೆ ಸೀಮಿತವಾಗಿರುವುದರಿಂದ ನೆಲದ ಹಿಡಿತ ಬಹಳ ಮುಖ್ಯ. ಭಾರವಾದ ದೊಡ್ಡ ಎಂಜಿನ್ ಕಾರಿನ ಮುಂಭಾಗಕ್ಕೆ ತೂಕ ಸೇರಿಸುತ್ತದೆ. ಹೊರಡುವ ಕ್ಷಣದಲ್ಲಿ ಆ ತೂಕ ಹಿಂಚಕ್ರಗಳ ಮೇಲೆ ವರ್ಗವಾಗುವಂತೆ ಸಸ್ಪೆನ್ಷನ್ ಹೊಂದಿಸಬೇಕು. ಜ಼ಡ್/28ರಂತಹ ಚಿಕ್ಕ ಎಂಜಿನ್ ಅಧಿಕ ವೇಗದಲ್ಲಿ ತಿರುಗಿದಾಗಲಷ್ಟೇ ಪೂರ್ಣ ಶಕ್ತಿ ನೀಡುತ್ತದೆ. ಅದು ನಾಲ್ಕು ಗೇರಿನ ಮ್ಯಾನ್ಯುಯಲ್ ವ್ಯವಸ್ಥೆಯಲ್ಲಿ ಮಾತ್ರ ದೊರೆಯುತ್ತಿದ್ದುದರಿಂದ ಚಾಲಕನ ಕೌಶಲ ಮುಖ್ಯವಾಗುತ್ತದೆ. ಪ್ರತಿ ಓಟದಲ್ಲೂ ಹೆಚ್ಚುಕಡಿಮೆ ಒಂದೇ ಸಮಯ ಸಾಧಿಸಲು ಆಟೋಮ್ಯಾಟಿಕ್ ಗೇರು ಅನುಕೂಲಕರ.

ಬಿಡಿಭಾಗಗಳ ಲಭ್ಯತೆ ಮತ್ತೊಂದು ಅಂಶ. 1967ರಿಂದ 1969ರವರೆಗಿನ ಕಮಾರೊ ಮತ್ತು ಅದೇ ಕಾಲದ ಮಸ್ಟಾಂಗ್ ಕಾರುಗಳ ಭಾಗಗಳು ಹೊಸದಾಗಿ ತಯಾರಾಗುತ್ತಿವೆ. ಅದೇ ವರ್ಷದ ಅದೇ ಮಾದರಿಗೆ ಕಾರ್ಖಾನೆ ಹಲವು ಎಂಜಿನ್‌ಗಳನ್ನು ನೀಡಿದ್ದಲ್ಲಿ, ಅವುಗಳಲ್ಲಿ ಇನ್ನೊಂದನ್ನು ಅಳವಡಿಸಿ ಬೇರೆ ವರ್ಗಕ್ಕೆ ಹೋಗಲೂ ಸಾಧ್ಯ. ಅಂಕಿ ಏರಿಕೆಯಿಂದ ಒಂದು ಎಂಜಿನ್ನಿನ ಅನುಕೂಲ ಇಲ್ಲವಾದಾಗ ಇದು ನೆರವಿಗೆ ಬರುತ್ತದೆ.

ಅಪರೂಪದ ಕಾರುಗಳು

426 ಘನ ಅಂಗುಲದ ಹೆಮಿ ಎಂಜಿನ್ ಅಳವಡಿಸಿದ 1968ರ ಡಾಡ್ಜ್ ಡಾರ್ಟ್ ಮತ್ತು ಪ್ಲಿಮತ್ ಬ್ಯಾರಕೂಡ ಕಾರುಗಳನ್ನು ಕ್ರೈಸ್ಲರ್ ಸಂಸ್ಥೆ ಸೂಪರ್ ಸ್ಟಾಕ್ ಸ್ಪರ್ಧೆಗೆಂದೇ ಅಲ್ಪ ಸಂಖ್ಯೆಯಲ್ಲಿ ತಯಾರಿಸಿತು. 427 ಘನ ಅಂಗುಲದ ಅಲ್ಯೂಮಿನಿಯಂ ಎಂಜಿನ್ ಹೊಂದಿದ 1969ರ ಕಮಾರೊ ಜ಼ಡ್‌ಎಲ್1 ತಯಾರಾದದ್ದು ಕೇವಲ 69. ಮೂಲ ಎಂಜಿನ್ ಉಳಿಸಿಕೊಂಡಿರುವ ಇಂತಹ ಕಾರುಗಳಿಗೆ ಸಂಗ್ರಹಕಾರರಲ್ಲಿ ಅಪಾರ ಬೆಲೆಯಿದೆ. ರಕ್ಷಣಾ ಚೌಕಟ್ಟನ್ನು ಬೆಸುಗೆ ಹಾಕಿ, ಒಳಭಾಗವನ್ನು ಬದಲಿಸಿದರೆ ಅವುಗಳ ಐತಿಹಾಸಿಕ ಮೌಲ್ಯ ನಷ್ಟವಾಗುತ್ತದೆ. ಅದನ್ನು ಮರಳಿ ಪಡೆಯಲಾಗದು. ಆದುದರಿಂದ ಮೂಲ ಎಂಜಿನ್ ಕಳೆದುಕೊಂಡ, ಆದರೆ ತುಕ್ಕು ಹಿಡಿಯದ ಸಾಧಾರಣ ಮಾದರಿಯ ಕಾರು ಸ್ಪರ್ಧೆಗೆ ಹೆಚ್ಚು ಸೂಕ್ತ.