ಅಂಟು

ಜಾಲಿಯ ತೊಗಟೆಯಿಂದ ಒಸರಿ ಗಟ್ಟಿಯಾಗುವ ರಸವೂ ಅಂಟು. ಬಾಣಂತಿಯ ಮೈಗೆ ಕಸುವು ಬರಲೆಂದು ಉತ್ತರ ಕರ್ನಾಟಕದ ಹಿರಿಯರು ಕಟ್ಟಿಕೊಡುವ ಸಿಹಿಯೂ ಅಂಟಿನುಂಡೆ. ಬಳಗದವರನ್ನು ಒಟ್ಟಿಗೆ ಹಿಡಿದಿಡುವ ಬಾಂಧವ್ಯವೂ ಅಂಟುನಂಟು. ಇಷ್ಟು ಸೌಮ್ಯವಾದ ಈ ಶಬ್ದವೇ ‘ಜಾಡ್ಯ’ದೊಡನೆ ಕೂಡಿದಾಗ ವ್ಯಾಧಿಯನ್ನೂ, ‘ಮುಟ್ಟಿ’ನೊಡನೆ ಕೂಡಿದಾಗ ಮೈಲಿಗೆಯನ್ನೂ ಸೂಚಿಸತೊಡಗುತ್ತದೆ. ಅಂಟುಜಾಡ್ಯಕ್ಕೆ ಕಾರಣ ಕ್ರಿಮಿ. ಅಂಟುಮುಟ್ಟಿನಲ್ಲಾದರೋ ಸ್ಪರ್ಶವೇ ದೋಷ. ಇವೆರಡೂ ಜನಮನದಲ್ಲಿ ಬೆರೆತುಹೋದುದರ ಫಲವನ್ನು ಕುಷ್ಠಪೀಡಿತರಷ್ಟು ಉಂಡವರು ವಿರಳ.

1873ರಲ್ಲಿ ನಾರ್ವೆಯ ವೈದ್ಯ ಹ್ಯಾನ್ಸೆನ್ ಈ ರೋಗದ ಸೂಕ್ಷ್ಮಾಣುವನ್ನು ಕಂಡ ಮೇಲೆ ಇದು ಪೂರ್ವಜನ್ಮದ ಪಾಪದ ಫಲವೆಂಬ ನಂಬಿಕೆಗೆ ಎಡೆಯಿರಬಾರದಾಗಿತ್ತು. ಆದರೂ ನಿರ್ಗತಿಕ ರೋಗಿಗಳನ್ನು ಹಿಡಿದು ಪ್ರತ್ಯೇಕವಾಗಿಡಲು ಅನುವು ಮಾಡಿಕೊಟ್ಟ 1898ರ ಶಾಸನವು ಕೇಂದ್ರದ ಕಾನೂನುಗಳ ಪಟ್ಟಿಯಿಂದ ತೊಲಗಿದ್ದು 2016ರಲ್ಲಿ.

ಬಹುಮಂದಿಗೆ ಈ ರೋಗವನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇದೆಯೆಂಬುದನ್ನೂ, ಚಿಕಿತ್ಸೆಯಿಲ್ಲದ ರೋಗಿಯ ದೀರ್ಘಕಾಲದ ನಿಕಟ ಸಹವಾಸದಿಂದಲ್ಲದೆ ಕೈ ಕುಲುಕಿದ ಮಾತ್ರಕ್ಕೆ ಇದು ಹರಡದೆಂಬುದನ್ನೂ, ವಿಶ್ವ ಆರೋಗ್ಯ ಸಂಸ್ಥೆಯು 1981ರಲ್ಲಿ ಶಿಫಾರಸು ಮಾಡಿದ ಬಹು ಔಷಧಿ ಚಿಕಿತ್ಸೆ ಮೊದಲಾದ ಸ್ವಲ್ಪಕಾಲದಲ್ಲೇ ಸೋಂಕು ಹರಡುವುದು ನಿಲ್ಲುವುದೆಂಬುದನ್ನೂ ಇಂದಿನ ಆರೋಗ್ಯ ಕಾರ್ಯಕರ್ತರು ತರಬೇತಿಯಲ್ಲಿ ಕಲಿತಿರುತ್ತಾರೆ. ಕೇಳಿದರೆ ತಪ್ಪಿಲ್ಲದೆ ಒಪ್ಪಿಸಿಯಾರು. ಆದರೆ ಅದನ್ನು ಒಪ್ಪಿಸಿದವರೇ ಮಾತ್ರೆಯ ಪೊಟ್ಟಣವನ್ನು ರೋಗಿಯ ಕೈಗೆ ಕೊಡದೆ ಮೇಜಿನ ಮೇಲಿಟ್ಟು ದೂರ ಸರಿದರೆ, ಅಂಟುಜಾಡ್ಯದ ಪಾಠ ತಲೆಗೆ ಹತ್ತಿದರೂ ಅಂಟುಮುಟ್ಟಿನ ಸಂಸ್ಕಾರ ಕೈಯಿಂದ ಇಳಿದಿಲ್ಲವೆಂದೇ ತಿಳಿಯಬೇಕು.

ಇದು ಬರಿಯ ಸೌಜನ್ಯದ ಪ್ರಶ್ನೆಯಲ್ಲ. ಸ್ಪರ್ಶಜ್ಞಾನವಿಲ್ಲದ ಮಚ್ಚೆಯೇ ಈ ರೋಗದ ಮುಖ್ಯ ಲಕ್ಷಣವಾದುದರಿಂದಲೂ, ಮೊಣಕೈಯ ಹಿಂಬದಿಯ ನರವು ದಪ್ಪನಾಗಿದೆಯೇ ಎಂಬುದು ಬೆರಳಿಗಲ್ಲದೆ ಕಣ್ಣಿಗೆ ಸುಲಭವಾಗಿ ತಿಳಿಯದುದರಿಂದಲೂ, ಮುಟ್ಟಲು ಅಳುಕುವವರು ರೋಗವನ್ನು ಗುರುತಿಸುವುದು ತಡವಾಗುತ್ತದೆ. ತಡವಾದಷ್ಟೂ ನರಗಳು ಕೆಟ್ಟು ಬೆರಳುಗಳು ಮುದುಡುತ್ತವೆ. ಆ ವಿರೂಪವನ್ನು ಕಂಡ ಊರು ಮತ್ತಷ್ಟು ದೂರ ಸರಿಯುತ್ತದೆ. ಅಂಜಿಕೆಯು ತಾನು ಅಂಜಿದ್ದನ್ನೇ ಹೀಗೆ ಬೆಳೆಸುತ್ತದೆ.

ಆದ್ದರಿಂದ ಕಾರ್ಯಕರ್ತರ ತರಬೇತಿಯನ್ನು ನಡೆಸುವವರು ಬರೆದ ಉತ್ತರಗಳಿಗೆ ಅಂಕ ಕೊಡುವುದರಲ್ಲಿಯೇ ತೃಪ್ತರಾಗದೆ, ರೋಗಿಯ ಕೈಯನ್ನು ಹಿಡಿದು ನೋಡುವ ರೀತಿಗೂ ಅಂಕ ಕೊಡತಕ್ಕದ್ದು.