ಎಮ್ಮೆ ನೀರು ಬಿಟ್ಟಾಗ ತಿಳಿದ ನಮ್ಮ ಮನೆ ವೈರಿಂಗಿನ ಚರಿತ್ರೆ

ಹೋದ ಮಳೆಗಾಲದಲ್ಲಿ ನಮ್ಮ ಎಮ್ಮೆ ತೊಟ್ಟೀಲಿ ನೀರು ಕುಡಿಯೋದು ಬಿಟ್ಟುಬಿಡ್ತು. ಮೂತಿ ತಂದು ತಟ್ಟನೆ ಹಿಂದಕ್ಕೆ ಎಳ್ಕೊಳ್ಳೋದು. ಬಕೆಟ್ಟಲ್ಲಿ ಕೊಟ್ಟರೆ ಗಟಗಟ ಕುಡಿಯೋದು. ಬಾಯಿಹುಣ್ಣು ಅಂತ ಡಾಕ್ಟರ್ ಕರೆಸಿದೆ, ಬಾಯಿ ಚೆನ್ನಾಗೇ ಇತ್ತು. ಕೊನೆಗೆ ತೊಟ್ಟಿಯ ಕಬ್ಬಿಣದ ನಲ್ಲಿಗೆ ಟೆಸ್ಟರ್ ಇಟ್ಟರೆ ದೀಪ ಹತ್ತಿತು. ಚಪ್ಪಲಿ ಹಾಕ್ಕೊಂಡು ಓಡಾಡೋ ನಮಗೆ ತಿಳಿಯದ್ದು, ಒದ್ದೆ ನೆಲದಲ್ಲಿ ನಿಂತ ದನಕ್ಕೆ ಮೊದಲು ತಿಳಿದಿತ್ತು.

ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟು ತಯಾರಾಯ್ತು. ಅದು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿದೀಪಕ್ಕೆ. ನಮ್ಮೂರಿಗೆ ಕಂಬ ಬಂದಿದ್ದು 1970ರ ದಶಕದಲ್ಲಿ, ಕೇಂದ್ರದೋರು 1969ರಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮ ಮಾಡಿದ ಮೇಲೆ. ನಮ್ಮಪ್ಪ ಮಾಡಿಸಿದ ವೈರಿಂಗಿನಲ್ಲಿ ಗೋಡೆ ಮೇಲೆ ಮರದ ಪಟ್ಟಿ, ತಗಡಿನ ಕ್ಲಿಪ್ಪು, ದುಂಡನೆ ಕಪ್ಪು ಸ್ವಿಚ್ಚು, ಪಿಂಗಾಣಿ ಫ್ಯೂಸು. ಆಗ ತಾಮ್ರ ಹೆಚ್ಚಾಗಿ ಹೊರದೇಶದಿಂದ ಬರಬೇಕಿತ್ತು, ಅದಕ್ಕೆ ಅಲ್ಯೂಮಿನಿಯಂ ವೈರು. ನಾಲ್ಕು ಬಲ್ಬು, ಒಂದು ರೇಡಿಯೋ. ಎರಡೇ ತಂತಿ, ಅರ್ಥಿಂಗ್ ಇಲ್ಲ. ಅಷ್ಟಕ್ಕೆ ಅದು ಸಾಕಾಗಿತ್ತು ಅಂತಲೇ ಹೇಳಬೇಕು.

ತೊಂಬತ್ತರ ದಶಕದಲ್ಲಿ ಮಿಕ್ಸಿ, ಫ್ರಿಜ್ಜು ಬಂದವು. ಎರಡನೇ ಕಂಟ್ರಾಕ್ಟರು ಹಳೇ ಅಲ್ಯೂಮಿನಿಯಂಗೇ ಹೊಸ ತಾಮ್ರದ ತಂತಿ ತಿರುಚಿ, ಟೇಪು ಸುತ್ತಿ ಹೋದ. ಅಂಥ ಗಂಟು ವರ್ಷ ಕಳೆದಂತೆ ಸಡಿಲಾಗಿ ಕಾಯುತ್ತೆ. ಅರ್ಥಿಂಗಿಗೆ ಬೇರೆ ಗುಂಡಿ ತೋಡೋ ಬದಲು ನೀರಿನ ಕಬ್ಬಿಣದ ಪೈಪಿಗೇ ತಂತಿ ಕಟ್ಟಿದ. ಪೈಪು ನೆಲದೊಳಗೆ ದೂರ ಹೋಗ್ತಿತ್ತಲ್ಲ, ನಡೀತು.

ಹತ್ತು ವರ್ಷದ ಹಿಂದೆ ಆ ಪೈಪು ತುಕ್ಕು ಹಿಡೀತು. ನಲ್ಲಿ ಕೆಲಸದವರು ನೆಲದೊಳಗಿನದನ್ನ ಕಿತ್ತು ಪಿವಿಸಿ ಹಾಕಿದರು. ಮೇಲಿಂದ ತೊಟ್ಟಿವರೆಗಿನ ಕಬ್ಬಿಣ ಹಾಗೇ ಬಿಟ್ಟರು. ದುಡ್ಡು ಉಳೀತು ಅಂತ ಖುಷಿಪಟ್ಟವನು ನಾನೇ. ಅವತ್ತಿಂದ ಮನೆ ಅರ್ಥಿಂಗ್ ಭೂಮಿಗೆ ಹೋಗ್ತಿರಲಿಲ್ಲ, ಎಮ್ಮೆ ತೊಟ್ಟಿಗೆ ಹೋಗ್ತಿತ್ತು.

ಮೇನ್ ತೆಗೆಸಿ ಪೂರ್ತಿ ಬಿಚ್ಚಿಸಿದೆ. ಅಡುಗೆಮನೆ ಸ್ವಿಚ್ಚು ಫೇಸ್ ಬಿಟ್ಟು ನ್ಯೂಟ್ರಲ್ ಮೇಲೆ ಕೂತಿತ್ತು. ಬರೀ ನ್ಯೂಟ್ರಲ್‌ಗೆ ಸ್ವಿಚ್ಚಾಗಲಿ ಫ್ಯೂಸಾಗಲಿ ಕೂಡದು ಅಂತ 1956ರ ವಿದ್ಯುತ್ ನಿಯಮದಲ್ಲೇ ಇತ್ತು. ಅಂದ್ರೆ ಸ್ವಿಚ್ ಆರಿಸಿದರೂ ಹೋಲ್ಡರಿನಲ್ಲಿ ಕರೆಂಟು ಇರ್ತಿತ್ತು. ನಮ್ಮನೆಯವಳು ಆ ಹೋಲ್ಡರಿನ ಮಸಿ ಒದ್ದೆ ಬಟ್ಟೇಲಿ ಎಷ್ಟು ಹಬ್ಬಕ್ಕೆ ಒರೆಸಿದ್ದಾಳೋ. ಎಲೆಕ್ಟ್ರಿಷಿಯನ್ ಅದನ್ನ ತೋರಿಸಿದಾಗ ನಾನು ಅಲ್ಲೇ ಕುಕ್ಕರಿಸಿ ಕೂತೆ.

ಹೊಸ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ ಅರ್ಥಿಂಗ್ ಮಾಡಿಸಿದೆ. ಹಳೇ ತಂತಿ ಪೂರಾ ಕಿತ್ತು ತಾಮ್ರ ಎಳೆಸಿದೆ. 30 ಮಿಲಿ ಆಂಪಿನ ಆರ್‌ಸಿಸಿಬಿ ಹಾಕಿಸಿದೆ. ಕರೆಂಟು ಸೋರಿದ್ರೆ ತಾನೇ ಬೀಳುತ್ತೆ. ಫ್ರಿಜ್ಜಿನ ಪ್ಲಗ್ ಚುಚ್ಚಿದ ತಕ್ಷಣ ಬಿತ್ತು. ಮತ್ತೆ ಎತ್ತಿದರೆ ಮತ್ತೆ ಬಿತ್ತು. ಹುಡುಗ ಸುಸ್ತಾಗಿದ್ದ. "ಯಜಮಾನ್ರೇ, ಫ್ರಿಜ್ಜೊಂದು ಡೈರೆಕ್ಟ್ ಕೊಟ್ಬಿಡ್ಲಾ?" ಅಂದ.

ಬೇಡಪ್ಪ ಅಂದೆ. ಫ್ರಿಜ್ಜು ರಿಪೇರಿಗೆ ಹೋಯ್ತು. ಎಮ್ಮೆ ಮಾತ್ರ ಇನ್ನೂ ಮೂರು ದಿನ ತೊಟ್ಟಿ ಹತ್ರ ಬಂದು ಮೂಸಿ ವಾಪಸ್ ಹೋಗ್ತಿತ್ತು. ನಾಲ್ಕನೇ ದಿನ ಬಾಯಿ ಇಟ್ಟಿತು.